ಯಾರ ಹೆಸರಲೆ ಎತ್ತೂಣು?

ಕರಡಿಕೊಪ್ಪದಿಂದ ಸಂತೆಯೂರಾದ ಹಳೇಪೇಟೆಗೆ ಈಗ ಡಾಂಬರು ರಸ್ತೆಯಿದೆ, ಬಸ್ಸಿದೆ, ಕೂತು ಎದ್ದರೆ ಊರು ಬಂದಿರುತ್ತದೆ. ಪೂಜ್ಯ ದುಂಡಯ್ಯಜ್ಜನವರು ದೇಹದಲ್ಲಿದ್ದ ಕಾಲದಲ್ಲಿ ಹಾಗಿರಲಿಲ್ಲ. ಗುಡ್ಡ ಹತ್ತಬೇಕು, ಕಣಿವೆ ದಾಟಬೇಕು, ಮತ್ತೆ ಇಳಿಯಬೇಕು. ತಲೆಯ ಮೇಲೆ ಕಟ್ಟಿಗೆಯೋ ಮೇವೋ ಹೊತ್ತವರಿಗೆ ಅದು ಅರ್ಧ ದಿನದ ದಾರಿ. ಆ ಕಣಿವೆಯ ನೆತ್ತಿಯಲ್ಲಿ ಒಂದು ಹೊರೆಗಲ್ಲು ಇತ್ತು. ಎರಡು ಕಲ್ಲುಗಳನ್ನು ನೆಟ್ಟಗೆ ನಿಲ್ಲಿಸಿ, ನಿಂತವರ ತಲೆಮಟ್ಟಕ್ಕೆ ಅಡ್ಡಲಾಗಿ ಒಂದು ಚಪ್ಪಡಿ ಹಾಸಿದ್ದರು, ಅಷ್ಟೆ. ಹೊರೆ ಹೊತ್ತವರು ಬಂದು ಅದನ್ನು ತಲೆಯಿಂದ ಚಪ್ಪಡಿಯ ಮೇಲಕ್ಕೆ ಸರಿಸಿ, ಬೆವರು ಒರೆಸಿಕೊಂಡು, ನೀರು ಕುಡಿದು, ಮತ್ತೆ ಅಲ್ಲಿಂದಲೇ ತಲೆಗೆ ತೆಗೆದುಕೊಂಡು ಹೋಗುತ್ತಿದ್ದರು. ಪಕ್ಕದಲ್ಲೊಂದು ಬೇವಿನ ಮರ, ಮರದ ಬುಡದಲ್ಲಿ ನೀರು ತುಂಬಿದ ಎರಡು ಹರವಿ, ಒಂದು ಕಂಬಳಿ. ನಮ್ಮ ಅಜ್ಜನವರ ಮಠವೆಂದರೆ ಅದೇ.

ಅಜ್ಜನವರು ಬತ್ತಿದ ಬಾವಿಗೆ ನೀರು ಬರಿಸಿದರು, ಹುಲಿಯ ಬೆನ್ನೇರಿ ಬಂದರು ಎಂದು ಹೇಳುವವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರೊಂದಿಗೆ ನನಗೆ ಜಗಳವಿಲ್ಲ, ಆದರೆ ನಾನಂತೂ ಹುಲಿಯನ್ನು ಕಂಡಿಲ್ಲ. ನಾನು ಕಂಡದ್ದು, ಕಂಡವರಿಂದ ಕೇಳಿದ್ದು ಇಷ್ಟೇ: ಅವರು ಮೂವತ್ತು ವರ್ಷ ಒಂದು ದಿನ ತಪ್ಪದೆ ಆ ಕಲ್ಲಿನ ಬಳಿ ನಿಂತು, ಬಂದವರ ಹೊರೆ ಇಳಿಸಲು ಕೈ ಹಚ್ಚಿದರು, ಎತ್ತಲು ಕೈ ಹಚ್ಚಿದರು. ಹುಲಿಯ ಸವಾರಿಗಿಂತ ಇದೇ ಕಠಿಣ ಎಂದು ನನ್ನ ತಿಳಿವಳಿಕೆ. ಹುಲಿಯನ್ನು ಒಂದು ದಿನ ಏರಿದರೆ ಸಾಕು, ಹೆಸರಾಗುತ್ತದೆ.

ಅವರು ಉಪದೇಶ ಮಾಡಿದವರಲ್ಲ. ಹೊರೆ ಎತ್ತಿಸುವಾಗ ಮಾತ್ರ ಎಲ್ಲರನ್ನೂ ಒಂದೇ ಮಾತು ಕೇಳುತ್ತಿದ್ದರು. "ಯಾರ ಹೆಸರಲೆ ಎತ್ತೂಣು?" ಒಬ್ಬಾಕೆ ಎಲ್ಲವ್ವ ಎನ್ನುವಳು, ಇನ್ನೊಬ್ಬಾಕೆ ಹನುಮಪ್ಪ ಎನ್ನುವಳು, ಪಿಂಜಾರ ಓಣಿಯ ಹುಸೇನಬಿ ಅಲ್ಲಾ ಎನ್ನುವಳು. ಅಜ್ಜನವರು ಯಾವ ಹೆಸರನ್ನೂ ತಿದ್ದಲಿಲ್ಲ. ಹೊರೆಯವರು ಹೇಳಿದ ಹೆಸರನ್ನೇ ಗಟ್ಟಿಯಾಗಿ, "ಎಲ್ಲವ್ವ... ಏಳ್!" ಎಂದು ಕೂಗಿ ಹೊರೆಗೆ ಕೈ ಕೊಡುತ್ತಿದ್ದರು. ಸುತ್ತ ನಿಂತ ಹೆಂಗಸರೂ ದನಿಗೂಡಿಸುತ್ತಿದ್ದರು. ಆ 'ಏಳ್' ಎಂಬಲ್ಲಿಗೆ ಸರಿಯಾಗಿ ಕುತ್ತಿಗೆ ನೆಟ್ಟಗಾಗಬೇಕು, ಹೊರೆ ಕೂರಬೇಕು.

ಅಲ್ಲಿಗೆ ಬಂದವರೆಲ್ಲ ಹೊರೆಯವರೇ ಎಂದೇನಲ್ಲ. ಪರಪ್ಪನೆಂಬ ಕಾಳಿನ ವ್ಯಾಪಾರಿ ಮನೆಯ ತಂಟೆ ತಾಳಲಾರದೆ ದಿನವೂ ಬಂದು ಬೇವಿನ ನೆರಳಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದನು. ಎಂಟು ದಿನ ನೋಡಿದ ಅಜ್ಜನವರು ಒಂಬತ್ತನೆಯ ದಿನ ಅವನ ಹೆಗಲು ತಟ್ಟಿ, "ಪರಪ್ಪಾ, ಈ ಕಲ್ಲು ಇಳಿಸಾಕ ಐತಿ, ಸಂಸಾರ ಹೂಡಾಕಲ್ಲ. ಮನೀಗೆ ನಡಿ," ಎಂದರು. ಪರಪ್ಪ ಹೋದನು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ನಾನು ಮುಂದೆ ಹೇಳಲಿರುವ ಮಾಸ್ತರರಿಗೆ ಇದು ಗೊತ್ತಿರಲಿಲ್ಲ.

ವಿರೂಪಾಕ್ಷಪ್ಪ ಹುಣಸೀಮರದ ಮಾಸ್ತರರು ಕರಡಿಕೊಪ್ಪದ ಶಾಲೆಯಲ್ಲಿ ನಮಗೆ ಗಣಿತ ಕಲಿಸುತ್ತಿದ್ದರು. ಹುಣಸೀಮರದ ಎಂಬುದು ಮನೆತನದ ಹೆಸರು, ಹುಳಿ ಮಾತ್ರ ಅವರ ಸ್ವಂತದ್ದು ಎಂದು ನಾವು ಹುಡುಗಿಯರು ಹಿಂದಿನ ಸಾಲಿನಲ್ಲಿ ನಗುತ್ತಿದ್ದೆವು. ಅವರ ತರಗತಿಯಲ್ಲಿ ದೇವರಾಣೆ ಇಡುವಂತಿರಲಿಲ್ಲ. "ದೇವರನ್ನ ಬಿಡು, ಉತ್ತರ ಹೆಂಗ ಬಂತು ಹೇಳು," ಎನ್ನುತ್ತಿದ್ದರು. ಆದರೆ ಬಡವರ ಮಕ್ಕಳಿಗೆ ಪುಸ್ತಕ ಕೊಡಿಸುತ್ತಿದ್ದವರೂ ಅವರೇ. ಕೊಡುವಾಗ ಮಾತ್ರ ನಾಲ್ಕು ಮಾತು ಬೈದೇ ಕೊಡುತ್ತಿದ್ದರು.

ಅವರಿಗೂ ಅವರ ಮಡದಿ ಕಾಶವ್ವನಿಗೂ ಒಬ್ಬಳೇ ಮಗಳು, ಚಂಪಾ. ಒಂಬತ್ತು ವರ್ಷದ ಆ ಕೂಸು ಒಂದು ಶ್ರಾವಣದಲ್ಲಿ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟಿತು. ಮಾಸ್ತರರು ಅವಳು ಬರೆಯುತ್ತಿದ್ದ ಪಾಟಿಯನ್ನು ಗೂಟದಿಂದ ತೆಗೆದು, ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ವಾರ ತುಂಬುವ ಮೊದಲೇ ಶಾಲೆಗೆ ಬಂದು ನಮಗೆ ಭಾಗಾಕಾರ ಕಲಿಸಿದರು. ಗಟ್ಟಿ ಮನುಷ್ಯ ಎಂದು ಊರು ಕೊಂಡಾಡಿತು. ಅಂದಿನಿಂದ ಅವರ ಬಾಯಲ್ಲಿ ಮಗಳ ಹೆಸರು ಬರಲಿಲ್ಲ. ಮನೆಯಲ್ಲಿ ಕಾಶವ್ವ ಆ ಹೆಸರು ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದರು.

ಕಾಶವ್ವ ಊಟ ಬಿಟ್ಟಳು. ರೊಟ್ಟಿ ಬಡಿಯುವಳು, ಗಂಡನಿಗೆ ಬಡಿಸುವಳು, ತಾನು ನೀರು ಕುಡಿದು ಏಳುವಳು. ಓಣಿಯ ಹೆಂಗಸರು ಕಾರ್ತಿಕದಲ್ಲಿ ಒತ್ತಾಯ ಮಾಡಿ ಅವಳನ್ನು ಕಣಿವೆಗೆ ಕರೆದೊಯ್ದರು. ಅಂದು ಸಂಜೆ ಬಂದವಳು ಅರ್ಧ ರೊಟ್ಟಿ ತಿಂದಳು. ಮರುವಾರ ಒಂದು ತಿಂದಳು. ಆಮೇಲೆ ವಾರಕ್ಕೆ ಮೂರು ದಿನ ಕಣಿವೆಗೆ ಹೋಗುವುದು ಅವಳ ನೇಮವಾಯಿತು.

ತಿಂಗಳುಗಟ್ಟಲೆ ನೋಡಿದ ಮಾಸ್ತರರಿಗೆ ಇದು ಸರಿ ಬರಲಿಲ್ಲ. "ಅಲ್ಲಿ ಆ ಅಜ್ಜ ನಿನಗ ಏನು ಹೇಳ್ತಾನ?" ಎಂದು ಕೇಳಿದರು.

"ಏನೂ ಹೇಳಂಗಿಲ್ರಿ."

"ಏನೂ ಹೇಳದ ವಾರಕ್ಕ ಮೂರು ಸಲ ಗುಡ್ಡ ಹತ್ತತಿ?"

ಅವರು ನಂಬಲಿಲ್ಲ. ಕೂಸು ಶಿವನ ತೊಡೆಯ ಮೇಲೆ ಆಡುತ್ತಿದೆ ಎಂದು ಏನೋ ಕಟ್ಟುಕಥೆ ಹೇಳಿ ಹೆಂಡತಿಯನ್ನು ಮರುಳು ಮಾಡಿದ್ದಾರೆಂದು ಅವರ ಲೆಕ್ಕ. ಸೊಲ್ಲಾಪುರದಲ್ಲಿದ್ದ ಭಾವಮೈದುನನಿಗೆ ಪತ್ರ ಬರೆದರು. ನಂತರ ಕಾಶವ್ವನಿಗೆ ಹೇಳಿದರು: "ಬರೂ ವಾರ ನಿಮ್ಮಣ್ಣ ಬರ್ತಾನ. ಆರು ತಿಂಗಳು ಅಲ್ಲಿರು. ಅಲ್ಲಿ ಗುಡ್ಡ ಇಲ್ಲ, ಅಜ್ಜ ಇಲ್ಲ. ತಲಿ ನೆಟ್ಟಗಾಗತೈತಿ."

ಕಾಶವ್ವ ಹಿಟ್ಟಿನ ಕೈ ತೊಳೆದುಕೊಂಡು ಬಂದು ನಿಂತಳು. "ಕಳಸ್ರಿ. ಹೋಗ್ತೀನಿ. ಆದ್ರ ಹ್ವಾದ ಮ್ಯಾಲ ಈ ಮನೀಗೆ ನಾ ತಿರುಗಿ ಬರಂಗಿಲ್ಲ."

ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ಇಂಥ ಮಾತು ಆಡಿದವಳಲ್ಲ. ಮಗಳು ಹೋಗಿದ್ದಳು, ಈಗ ಇವಳೂ ಹೊರಟಳು. ಮಾಸ್ತರರು ಹೆದರಿದರು. ಹೆದರಿದ ಗಂಡಸರು ಏನು ಮಾಡುತ್ತಾರೆ? ಸಿಟ್ಟು ಮಾಡುತ್ತಾರೆ. ಶನಿವಾರ ಮುಂಜಾನೆಯ ಶಾಲೆ ಬಿಟ್ಟೊಡನೆ, ಬಿಳಿ ಧೋತರ, ಕರಿ ಕೋಟಿನಲ್ಲೇ, ಅಜ್ಜನವರನ್ನು ಎದುರೆದುರೇ ಕೇಳಿಯೇ ಬಿಡುತ್ತೇನೆಂದು ಗುಡ್ಡ ಹತ್ತಿದರು.

ಕಣಿವೆಯ ನೆತ್ತಿ ಇನ್ನು ಹತ್ತು ಹೆಜ್ಜೆ ಇರುವಾಗ ಅವರ ಮುಂದೆ ಫಕೀರವ್ವ ಎಂಬ ಮುದುಕಿ ಕಟ್ಟಿಗೆಯ ಹೊರೆ ಹೊತ್ತು ಏರುತ್ತಿದ್ದಳು. ಕಾಲು ನಡುಗುತ್ತಿತ್ತು. ಮಾಸ್ತರರು ಹುಳಿಯೇ ಹೊರತು ಕಲ್ಲಲ್ಲ. ಓಡಿ ಹೋಗಿ, "ನಿಲ್ಲವ್ವಾ," ಎಂದು ಅವಳ ತಲೆಯ ಹೊರೆಯನ್ನು ಎರಡೂ ಕೈಯಿಂದ ತೆಗೆದು ಧೊಪ್ಪನೆ ನೆಲಕ್ಕೆ ಹಾಕಿದರು.

ಮುದುಕಿ ಉಪಕಾರ ಸ್ಮರಿಸಲಿಲ್ಲ. ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟಳು. "ಅಯ್ಯ ನನ್ನಪ್ಪಾ! ನೆಲಕ್ಕ ಹಾಕಿದ್ರೇನ್ರಿ!"

"ಭಾರ ಆಗಿತ್ತಲ್ಲವ್ವ ನಿನಗ."

"ಆಗದ ಏನು ಮಾಡತೈತಿ? ಕಟ್ಟಿಗಿ ಅಲ್ಲೇನ್ರಿ ಅದು? ಹತ್ತು ಹೆಜ್ಜಿ ತಡದಿದ್ರ ಕಲ್ಲಿಗೆ ಇಳಿಸ್ತಿದ್ನಿ. ಈಗ ನೆಲದಿಂದ ಎಬ್ಬಸೂರು ಯಾರು, ನಿಮ್ಮಪ್ಪನ?"

ಮೇಲೆ ನಿಂತ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಗುಡ್ಡದ ದಾರಿಯಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ಸಂಗತಿ ಇದು. ಹೊರೆಯನ್ನು ನಡುದಾರಿಯಲ್ಲಿ ನೆಲಕ್ಕೆ ಇಳಿಸಬಾರದು. ಅಲ್ಲಿಂದ ಒಬ್ಬರೇ ಅದನ್ನು ತಲೆಗೇರಿಸಲಾಗುವುದಿಲ್ಲ. ಗಣಿತದ ಪುಸ್ತಕದಲ್ಲಿ ಇದನ್ನು ಬರೆದಿರುವುದಿಲ್ಲ.

ನಕ್ಕವರ ನಡುವೆ ಕಾಶವ್ವನೂ ಇದ್ದಳು. ಅವಳು ಮಾತ್ರ ನಗಲಿಲ್ಲ. ಮಾಸ್ತರರು ಅವಳು ಎಲ್ಲೋ ಕಣ್ಣು ಮುಚ್ಚಿ ಕೂತಿರುತ್ತಾಳೆಂದು ತಿಳಿದಿದ್ದರು. ನೋಡಿದರೆ ಅವಳ ತಲೆಯ ತುಂಬ ಮೇವಿನ ಹೊಟ್ಟು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ತಲೆಯ ಮೇಲೆ ಹೊರೆ ಕೂರಲು ಸುತ್ತಿದ ಬಟ್ಟೆಯ ಸಿಂಬಿ. ಒಬ್ಬಾಕೆಯ ಮೇವಿನ ಹೊರೆಗೆ ಅಜ್ಜನವರು ಒಂದು ಕಡೆ ಕೈ ಕೊಟ್ಟಿದ್ದರೆ ಇನ್ನೊಂದು ಕಡೆ ಕಾಶವ್ವ ಕೊಟ್ಟಿದ್ದಳು. ಮಾಸ್ತರರಿಗೆ ಒಂದು ಕ್ಷಣ ತಮ್ಮ ಲೆಕ್ಕ ಎಲ್ಲೋ ತಪ್ಪಿದೆ ಎನಿಸಿತು. ಆದರೆ ಸಿಟ್ಟನ್ನು ಅಷ್ಟು ದೂರದಿಂದ ಹೊತ್ತು ತಂದಿದ್ದರಲ್ಲ, ಬಿಡಲಾಗಲಿಲ್ಲ.

"ಅಜ್ಜಾರ, ನಾ ಸುತ್ತಿ ಬಳಸಿ ಮಾತಾಡಾಂವ ಅಲ್ಲ," ಎಂದರು. "ದೇವರು ಅಂದ್ರ ಕುಂಟರು ಊರೂ ಕೋಲು. ನೀವು ಅದನ್ನ ನನ್ನ ಹೆಂಡತಿ ಕೈಗೆ ಕೊಟ್ಟೀರಿ."

ಅಜ್ಜನವರು ಮೇವಿನವಳನ್ನು ಕಳಿಸಿ, ಕೈ ಝಾಡಿಸಿ, ಶಾಂತವಾಗಿ ನೋಡಿದರು. "ಹೌದ್ರಿ ಮಾಸ್ತರ. ಕೋಲ."

ಅಜ್ಜನವರು ಅಲ್ಲ ಎಂದರೆ ಹೇಳಲು ಮಾಸ್ತರರ ಬಳಿ ಹನ್ನೆರಡು ಉತ್ತರಗಳಿದ್ದವು. ಹೌದು ಎಂದದ್ದಕ್ಕೆ ಒಂದೂ ಇರಲಿಲ್ಲ. ಬಹಳ ವರ್ಷದ ನಂತರ ಇದನ್ನು ನನಗೆ ಹೇಳುವಾಗಲೂ ಅವರಿಗೆ ಆ ಪೇಚು ಮರೆತಿರಲಿಲ್ಲ.

"ಕೋಲು ಹಿಡದವ ತನ್ನ ಕಾಲು ಮರೀತಾನ," ಎಂದರು ಕೊನೆಗೆ.

"ಹಿಡಕೊಂಡು ಕುಂತಾಂವ ಮರೀತಾನ. ಹಿಡಕೊಂಡು ನಡದಾಂವ ಮರಿಯಂಗಿಲ್ಲ." ಅಜ್ಜನವರು ಕಾಶವ್ವನ ಕಡೆ ಒಮ್ಮೆ ನೋಡಿದರು. "ಆಕಿ ಕುಂತಾಳೋ ನಡದಾಳೋ, ನೀವ ನೋಡ್ರಿ."

ಕಾಶವ್ವ ಆಗಲೇ ಫಕೀರವ್ವನಿಗೆ ನೀರಿನ ತಂಬಿಗೆ ಕೊಡಲು ಇಳಿದಿದ್ದಳು. ಮುದುಕಿಯ ಕುತ್ತಿಗೆ ತಿಕ್ಕುತ್ತಿದ್ದಳು. ಮಾಸ್ತರರು ನೋಡಿದರು.

"ಅದು ಇರ್ಲಿ," ಎಂದರು ಅಜ್ಜನವರು. "ಆ ಹೊರಿ ನೆಲಕ್ಕ ಯಾರು ಹಾಕಿದ್ರು?"

"ನಾನ."

"ಹಂಗಾರ ನೀವ ಹೊರಬೇಕು. ಇಲ್ಲಿ ರೂಢಿ ಐತಿ."

"ಐತಿ, ಐತಿ!" ಎಂದರು ಹೆಂಗಸರು. ಅಂಥ ರೂಢಿ ಇತ್ತೋ ಅಥವಾ ಅಂದೇ ಹುಟ್ಟಿತೋ ನನಗೆ ಗೊತ್ತಿಲ್ಲ. ಮಾಸ್ತರರು ನ್ಯಾಯಕ್ಕೆ ತಲೆಬಾಗುವವರು. ತಪ್ಪು ಮಾಡಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವರು, ತಮ್ಮ ಸರದಿ ಬಂದಾಗ ಓಡಿಹೋಗುವುದು ಹೇಗೆ? ಕೋಟು ಕಳಚಿ ಮಡಿಸಿ ಕಲ್ಲಿನ ಬಳಿ ಇಟ್ಟು, ಹತ್ತು ಹೆಜ್ಜೆ ಇಳಿದು ಹೋದರು.

ಕಾಶವ್ವ ತನ್ನ ತಲೆಯ ಸಿಂಬಿ ತೆಗೆದು ಗಂಡನ ತಲೆಯ ಮೇಲಿಟ್ಟಳು. ಇಟ್ಟು ಸ್ವಲ್ಪ ಒತ್ತಿ ಸರಿಮಾಡಿದಳು. ಅವಳು ಅವರನ್ನು ಮುಟ್ಟಿ ಬಹಳ ದಿನವಾಗಿತ್ತು.

ಮಾಸ್ತರರು ಹೊರೆಗೆ ಕೈ ಹಾಕಿ ಎತ್ತಿದರು. ಮೊಣಕಾಲಿಗೆ ಬಂತು, ಎದೆಗೆ ಬಂತು, ಜಾರಿ ಬಿತ್ತು. ಇನ್ನೊಮ್ಮೆ ಎತ್ತಿದರು, ಧೋತರದ ಸಮೇತ ತಾವೂ ಬಿದ್ದರು. ಈ ಸಲ ಯಾರೂ ನಗಲಿಲ್ಲ. ಅಜ್ಜನವರು ಇಳಿದು ಬಂದು ಪಕ್ಕದಲ್ಲಿ ನಿಂತರು.

"ನೆಲಕ್ಕ ಒಗದ ಮ್ಯಾಲ ಹಗುರಾದಂಗ ಕಾಣತೈತಿ, ಮಾಸ್ತರ. ಎತ್ತಾಕ ಹ್ವಾದಾಗ ಗೊತ್ತಾಗತೈತಿ. ಒಬ್ಬರ ಕೈಲೆ ಏಳಂಗಿಲ್ಲ ಅದು. ಅದಕ್ಕ ಕಲ್ಲು ಬೇಕು."

ಅಜ್ಜನವರು ಕಟ್ಟಿಗೆಯ ಮಾತನ್ನೇ ಆಡಿದ್ದು. ಆದರೆ ಮಾಸ್ತರರಿಗೆ ಅಟ್ಟದ ಮೇಲೆ ಬಟ್ಟೆ ಸುತ್ತಿ ಹಾಕಿದ ಪಾಟಿ ಕಣ್ಣಿಗೆ ಬಂತಂತೆ. ಹನ್ನೊಂದು ತಿಂಗಳು ಅದರ ಕಡೆ ನೋಡಿರಲಿಲ್ಲ. ಅಟ್ಟದ ಕೆಳಗೆ ಹಾದುಹೋಗುವಾಗ ತಲೆ ಎತ್ತುತ್ತಲೂ ಇರಲಿಲ್ಲ.

ಅಜ್ಜನವರು, ಕಾಶವ್ವ, ಮಾಸ್ತರರು ಮೂವರೂ ಕೂಡಿ ಹೊರೆಯನ್ನು ಹತ್ತು ಹೆಜ್ಜೆ ಹೊತ್ತು ಚಪ್ಪಡಿಯ ಮೇಲೆ ಏರಿಸಿದರು. ಮಾಸ್ತರರು ಹೊರೆಯ ಅಡಿಗೆ ತಲೆ ಕೊಟ್ಟು ನಿಂತರು. ಒಂದು ಕಡೆ ಅಜ್ಜನವರ ಕೈ, ಇನ್ನೊಂದು ಕಡೆ ಕಾಶವ್ವನ ಕೈ. ಅಜ್ಜನವರು ಎಲ್ಲರನ್ನೂ ಕೇಳುವಂತೆಯೇ ಕೇಳಿದರು.

"ಯಾರ ಹೆಸರಲೆ ಎತ್ತೂಣು?"

ಹೆಂಗಸರು ಕಾದರು. "ಬಸವಣ್ಣ ಅನ್ರಿ," ಎಂದು ಒಬ್ಬಾಕೆ ಮೆಲ್ಲಗೆ ಹೇಳಿಕೊಟ್ಟಳು. ನಂಬದ ಹೆಸರನ್ನು ಬಾಯಿಮಾತಿಗೆ ಹೇಳುವ ಮನುಷ್ಯ ಮಾಸ್ತರರಲ್ಲ. ಅವರ ಆ ಗುಣಕ್ಕೆ ನಾನು ಇಂದಿಗೂ ಕೈಮುಗಿಯುತ್ತೇನೆ.

"ನನಗ ಯಾವ ಹೆಸರೂ ಇಲ್ರಿ, ಅಜ್ಜಾರ."

"ಎಲ್ಲಾರಿಗೂ ಒಂದು ಇರತೈತಿ. ಅವಸರ ಇಲ್ಲ, ನಿಂದರ್ರಿ."

ಬೇವಿನ ಮರದಲ್ಲಿ ಗಾಳಿ ಆಡುತ್ತಿತ್ತು. ಮಾಸ್ತರರ ತಲೆ ಹೊರೆಗೆ ತಾಗಿತ್ತು, ಕಣ್ಣು ನೆಲದಲ್ಲಿತ್ತು. ಕೊನೆಗೆ ಅವರ ಬಾಯಿಂದ, ಬಹಳ ದಿನ ಮಾತಾಡದವರ ಒಡಕು ದನಿಯಲ್ಲಿ, ಒಂದು ಹೆಸರು ಬಂತು.

"ಚಂಪಾ."

ಅದು ಯಾವ ದೇವರೆಂದು ಅಜ್ಜನವರು ಕೇಳಲಿಲ್ಲ. ಎಲ್ಲವ್ವನ ಹೆಸರನ್ನು ಹೇಗೆ ಕೂಗುತ್ತಿದ್ದರೋ ಹಾಗೆಯೇ, ಅಷ್ಟೇ ಗಟ್ಟಿಯಾಗಿ ಕೂಗಿದರು. "ಚಂಪಾ... ಏಳ್!" ಹೆಂಗಸರೆಲ್ಲ ಎಂದಿನಂತೆ ದನಿಗೂಡಿಸಿದರು. ಹೊರೆ ಎದ್ದು ಮಾಸ್ತರರ ತಲೆಯ ಮೇಲೆ ಕೂತಿತು.

ಹಳೇಪೇಟೆಯವರೆಗೆ ಎರಡು ಮೈಲು ಇಳಿಜಾರು. ಮಾಸ್ತರರು ದಾರಿಯುದ್ದಕ್ಕೂ ಅತ್ತರು. ಹನ್ನೊಂದು ತಿಂಗಳ ಅಳು ಅದು, ಬೇಗ ಮುಗಿಯುವಂಥದ್ದಲ್ಲ. ಎರಡೂ ಕೈ ಹೊರೆಯ ಮೇಲಿದ್ದುದರಿಂದ ಕಣ್ಣೊರೆಸಿಕೊಳ್ಳಲು ಅವರಿಗೆ ಕೈ ಇರಲಿಲ್ಲ. ಕಾಶವ್ವ ಪಕ್ಕದಲ್ಲೇ ನಡೆಯುತ್ತ ತನ್ನ ಸೆರಗಿನಿಂದ ಅವರ ಮುಖ ಒರೆಸುತ್ತ ಹೋದಳು. ಒರೆಸುತ್ತ ತಾನೂ ಅತ್ತಳು. ನಡುನಡುವೆ ಇಬ್ಬರೂ ಮಗಳ ಮಾತಾಡಿದರು, ಅವಳಿಗೆ ಬೆಲ್ಲದ ಮೇಲಿದ್ದ ಆಸೆ, ಬೆಕ್ಕಿಗೆ ಮಗ್ಗಿ ಕಲಿಸುತ್ತಿದ್ದದ್ದು. ಹಿಂದೆ ಬರಿದಲೆಯಲ್ಲಿ ಬರುತ್ತಿದ್ದ ಫಕೀರವ್ವ, "ಲಗೂ ನಡೀರಿ ಮಾಸ್ತರ, ಸಂತಿ ಮುಗದ ಮ್ಯಾಲ ನನ್ನ ಕಟ್ಟಿಗಿ ಯಾರು ತಗೋತಾರ?" ಎಂದು ಗೊಣಗುತ್ತಲೇ ಇದ್ದಳು.

ಕೋಟು ಕಣಿವೆಯಲ್ಲೇ ಉಳಿದಿತ್ತು. ತಿರುಗಿ ಬಂದಾಗ ಮಾಸ್ತರರು ಕೋಟು ತೆಗೆದುಕೊಳ್ಳುವ ಮೊದಲು ಅಜ್ಜನವರ ಪಾದಕ್ಕೆ ಬಗ್ಗಿದರು. ಅಜ್ಜನವರು ಕಾಲು ಹಿಂದಕ್ಕೆ ಎಳೆದುಕೊಂಡು ನಕ್ಕರು. "ಬಗ್ಗಬ್ಯಾಡ್ರಿ ಮಾಸ್ತರ. ಇವತ್ತ ನಿಮ್ಮ ಕುತ್ತಿಗಿ ನೋಯತೈತಿ."

ಅಂದೇ ಸೊಲ್ಲಾಪುರಕ್ಕೆ ಇನ್ನೊಂದು ಪತ್ರ ಹೋಯಿತು, ಬರುವುದು ಬೇಡ ಎಂದು. ಮನೆಯಲ್ಲಿ ಮಾಸ್ತರರು ಅಟ್ಟ ಹತ್ತಿ ಪಾಟಿ ಇಳಿಸಿದರು. ಸುತ್ತಿದ ಬಟ್ಟೆಯೊಳಗೆ ಮಗಳ ಬರಹ ಅಳಿಸದೆ ಉಳಿದಿತ್ತು. ಹದಿಮೂರರ ಮಗ್ಗಿ ಅರ್ಧಕ್ಕೆ ನಿಂತಿತ್ತು. ಹದಿಮೂರೇಳಲೆ ತೊಂಬತ್ತೆರಡು ಎಂದು ಬರೆದಿದ್ದಳು. ಆ ಪಾಟಿಯನ್ನು ನಾನು ಅವರ ಮನೆಯ ಪಡಸಾಲೆಯ ಗೂಟದಲ್ಲಿ ಎಷ್ಟೋ ವರ್ಷ ನೋಡಿದ್ದೇನೆ. ನಮ್ಮ ಒಂದು ಸೊನ್ನೆ ಹೆಚ್ಚುಕಡಿಮೆಯಾದರೂ ಕಿವಿ ಹಿಂಡುತ್ತಿದ್ದ ಮಾಸ್ತರರು ಅದೊಂದು ತಪ್ಪನ್ನು ತಿದ್ದಲಿಲ್ಲ.

ಮುಂದೆ ಅಜ್ಜನವರು ಲಿಂಗೈಕ್ಯರಾಗುವವರೆಗೂ, ಆಮೇಲೆ ರಸ್ತೆ ಆಗುವವರೆಗೂ, ಪ್ರತಿ ಶನಿವಾರ ಮಧ್ಯಾಹ್ನ ಹುಣಸೀಮರದ ಮಾಸ್ತರರು ಕಣಿವೆಯಲ್ಲಿ ಇರುತ್ತಿದ್ದರು. ಕೋಟು ಬೇವಿನ ಕೊಂಬೆಯಲ್ಲಿ, ಸಿಂಬಿ ಹೆಗಲ ಮೇಲೆ. ಹೊರೆಯ ಒಂದು ಕಡೆ ಅವರು, ಇನ್ನೊಂದು ಕಡೆ ಕಾಶವ್ವ. ಎಲ್ಲವ್ವ ಎಂದವರಿಗೆ ಎಲ್ಲವ್ವ, ಅಲ್ಲಾ ಎಂದವರಿಗೆ ಅಲ್ಲಾ, ಒಂದು ಹೆಸರನ್ನೂ ನುಂಗದೆ, ತರಗತಿಯಲ್ಲಿ ನಮ್ಮನ್ನು ಬೆಚ್ಚಿಬೀಳಿಸುತ್ತಿದ್ದ ಅದೇ ದೊಡ್ಡ ದನಿಯಲ್ಲಿ ಕೂಗುತ್ತಿದ್ದರು. ಹಾಗೆಂದು ಹುಳಿ ಕಡಿಮೆಯಾಯಿತೆಂದು ತಿಳಿಯಬೇಡಿ. ಹುಣಸೇಮರ ಮುಪ್ಪಾದರೆ ಹುಳಿ ಮುಪ್ಪೇ?

ನನ್ನ ಮದುವೆಯಾಗಿ ಮಕ್ಕಳಾದ ಮೇಲೆ ಒಮ್ಮೆ ತವರಿಗೆ ಬಂದವಳು ಅವರ ಮನೆಗೆ ಹೋಗಿದ್ದೆ. ಆಗ ಅವರಿಗೆ ಎಪ್ಪತ್ತೈದು ದಾಟಿತ್ತು. ಈ ಪ್ರಸಂಗವನ್ನೆಲ್ಲ ಅವರೇ ಹೇಳಿದರು, ತಪ್ಪಿದಲ್ಲಿ ಕಾಶವ್ವನವರು ಒಳಗಿನಿಂದ ತಿದ್ದಿದರು. ಮುಗಿದ ಮೇಲೆ ನಾನು ಧೈರ್ಯ ಮಾಡಿ ಕೇಳಿದೆ.

"ಸರ್, ಹಂಗಾರ ದೇವರು ಇದ್ದಾನೇನ್ರಿ?"

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಗೂಟದ ಪಾಟಿಯ ಕಡೆ ಒಮ್ಮೆ ನೋಡಿದರು.

"ಆ ಪ್ರಮೇಯ ಇನ್ನೂ ಸಿದ್ಧ ಆಗಿಲ್ಲವ್ವ," ಎಂದರು. "ಆದ್ರ ಹೊರಿ ಏಳತೈತಿ."

ಕಣಿವೆಯ ಅಜ್ಜನವರಿಗೆ ನನ್ನ ಶರಣು. ಇದನ್ನು ಓದಿದವರು ತಮ್ಮ ಹೊರೆಯನ್ನು ನಡುದಾರಿಯಲ್ಲಿ ನೆಲಕ್ಕೆ ಹಾಕದಿರಲಿ, ಅವರಿಗೆ ತಲೆಮಟ್ಟದಲ್ಲಿ ಒಂದು ಕಲ್ಲು ಸಿಗಲಿ, ಏಳುವ ಹೊತ್ತಿಗೆ ಪಕ್ಕದಲ್ಲಿ ಒಂದು ಕೈ ಇರಲಿ.